ಸಾರಥಿ ಯಾರ ಕಡೆಯವನು?

ಕಳೆದ ತಿಂಗಳು ಬಸವನಗುಡಿಯ ಒಂದು ಮದುವೆಯ ಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ನನ್ನ ಅಕ್ಕನ ಮಗ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತ. ನಲವತ್ತಾರು ವರ್ಷದವನು, ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪೆನಿಯಲ್ಲಿ ಮುನ್ನೂರು ಜನರ ಮೇಲಿನ ಅಧಿಕಾರಿ. “ಮಾವ, ಕಂಪೆನಿಯವರು ನನಗೊಬ್ಬ ಕೋಚನ್ನು ಗೊತ್ತುಮಾಡಿದ್ದಾರೆ” ಎಂದ. ಮುಖದಲ್ಲಿ ಅರ್ಧ ಹೆಮ್ಮೆ, ಅರ್ಧ ಅಳುಕು.

“ಯಾವ ಆಟಕ್ಕೋ?” ಎಂದು ಅವನ ತಂದೆ, ನಮ್ಮ ಭಾವನವರು, ಕೇಳಿದರು. ಎಂಬತ್ತು ದಾಟಿದವರು, ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆಯೇ ಕೇಳಿದ್ದು. ಸುತ್ತಲಿದ್ದವರು ನಕ್ಕರು. ಹುಡುಗ ಮಾತ್ರ ನಗಲಿಲ್ಲ. “ಆಟಕ್ಕಲ್ಲ ಅಪ್ಪ, ನನಗೇ” ಎಂದವನು, ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ನೀವು ಇದನ್ನೆಲ್ಲ ಕಂಡವರು. ಒಪ್ಪಿಕೊಳ್ಳಲೊ, ಬೇಡವೊ?” ಎಂದ.

ಮದುವೆಯ ಮನೆಯಲ್ಲಿ ನಿಂತ ನಿಲುವಿಗೆ ಹೇಳಿ ಮುಗಿಸುವ ಮಾತಲ್ಲ ಅದು. ಅಂದು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಪ್ರಶ್ನೆ ಈಗ ಅವನೊಬ್ಬನದೇ ಅಲ್ಲ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಮಗನೊ ಸೊಸೆಯೊ ಅಳಿಯನೊ ಇಂಥದೇ ಒಂದು ಪತ್ರವನ್ನು ಕೈಯಲ್ಲಿ ಹಿಡಿದು ಸಂಭ್ರಮ ಪಡಬೇಕೊ ಭಯ ಪಡಬೇಕೊ ತಿಳಿಯದೆ ಕುಳಿತಿರಬಹುದು.

ಈ ವ್ಯವಸ್ಥೆಯ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಕಂಪೆನಿಯ ಹಿರಿಯ ಅಧಿಕಾರಿಯೊಬ್ಬ ಇನ್ನೂ ಮೇಲಕ್ಕೆ ಹೋಗಬೇಕಾಗಿರುತ್ತದೆ. ಇಲ್ಲವೆ ಅವನ ನಡತೆಯ ಬಗ್ಗೆ ಮೇಲಿನವರಿಗೆ ಏನೋ ಅಸಮಾಧಾನವಿರುತ್ತದೆ. ಆಗ ಕಂಪೆನಿಯ ಸಿಬ್ಬಂದಿ ವಿಭಾಗದವರು ಹೊರಗಿನಿಂದ ಒಬ್ಬ ಕೋಚನ್ನು ಕರೆಸುತ್ತಾರೆ. ಮೊದಲು ಇಬ್ಬರಿಗೂ ಹೊಂದುತ್ತದೆಯೆ ಎಂದು ನೋಡಲು ಒಂದು ಭೇಟಿ. ಇದು ಹೆಣ್ಣು ನೋಡುವ ಶಾಸ್ತ್ರದಂತೆ. ಆಮೇಲೆ ಕಂಪೆನಿ, ಅಧಿಕಾರಿ, ಕೋಚ್, ಈ ಮೂವರ ನಡುವೆ ಒಂದು ಒಪ್ಪಂದ. ಅಧಿಕಾರಿಯ ಮೇಲಿನವರನ್ನೂ ಸಮಾನರನ್ನೂ ಕೈಕೆಳಗಿನವರನ್ನೂ ಅವನ ಗುಣದೋಷಗಳ ಬಗ್ಗೆ ಕೇಳಿ, ಹೆಸರು ಮರೆಸಿ, ಒಂದು ವರದಿ ಸಿದ್ಧವಾಗುತ್ತದೆ. ‘ಮುನ್ನೂರರವತ್ತು ಡಿಗ್ರಿ’ ಎಂದು ಇದಕ್ಕೆ ಹೆಸರು. ಅನಂತರ ಆರೇಳು ತಿಂಗಳು, ಹದಿನೈದು ದಿನಕ್ಕೊಮ್ಮೆ ಒಂದೊಂದು ಗಂಟೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಕುಳಿತು ಮಾತು. ಕೋಚಾದವನು ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ, ಮೇಲಧಿಕಾರಿಯನ್ನೂ ಕೂರಿಸಿಕೊಂಡು ‘ಪ್ರಗತಿ’ಯ ವಿಮರ್ಶೆ. ಬಿಲ್ಲು ಕಂಪೆನಿಗೆ.

ಕೋಚ್ ಎಂಬ ಮಾತಿನ ಹುಟ್ಟು ಸ್ವಾರಸ್ಯವಾಗಿದೆ. ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿ ಒಳ್ಳೆಯ ಕುದುರೆಗಾಡಿಗಳನ್ನು ಮಾಡುತ್ತಿದ್ದರು. ಊರಿನ ಹೆಸರು ಗಾಡಿಗೆ ಬಂತು. ಗಾಡಿ ಯುರೋಪನ್ನೆಲ್ಲ ಸುತ್ತಿತು. ೧೮೩೦ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಮನೆಪಾಠದ ಮೇಷ್ಟರಿಗೆ ಹಾಸ್ಯಕ್ಕೆಂದು ಈ ಹೆಸರನ್ನಿಟ್ಟರು. ಅಲ್ಲಿಂದ ಅದು ಆಟದ ಬಯಲಿಗೆ ಇಳಿಯಿತು. ೧೯೭೪ರಲ್ಲಿ ತಿಮೋತಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ಶಿಕ್ಷಕರು ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಎಂಬ ಪುಸ್ತಕದಲ್ಲಿ, ಆಟಗಾರನ ದೊಡ್ಡ ಎದುರಾಳಿ ಬಲೆಯ ಆಚೆ ಇಲ್ಲ, ಅವನ ತಲೆಯೊಳಗೇ ಇದ್ದಾನೆ ಎಂದು ವಾದಿಸಿದರು. ಹಿಂದೆ ಮೋಟಾರು ಪಂದ್ಯದ ಓಟಗಾರರಾಗಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಈ ವಿಚಾರವನ್ನು ಕಛೇರಿಗೆ ತಂದರು. ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವುವು, ಏನು ಮಾಡಲು ನಿಶ್ಚಯಿಸಿದ್ದೀರಿ ಎಂಬ ನಾಲ್ಕು ಪ್ರಶ್ನೆಗಳ ಕ್ರಮ ಅವರ ೧೯೯೨ರ ಪುಸ್ತಕದ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಅದೇ ವರ್ಷ ಅಮೆರಿಕದಲ್ಲಿ ತಾಮಸ್ ಲೆನರ್ಡ್ ಎಂಬುವರು ಕೋಚ್‌ಗಳಿಗೊಂದು ಶಾಲೆ ತೆರೆದರು. ೧೯೯೫ರಲ್ಲಿ ಅವರಿಗೊಂದು ಅಂತರರಾಷ್ಟ್ರೀಯ ಸಂಘವನ್ನೂ ಕಟ್ಟಿದರು.

ಗಾಡಿಯಿಂದ ಹುಟ್ಟಿದ ಈ ಮಾತಿಗೆ ನಮ್ಮಲ್ಲಿ ಸಿದ್ಧವಾದ ಒಂದು ಮಾತಿದೆ: ಸಾರಥಿ. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಓದುಗರಲ್ಲಿ ವಿಜ್ಞಾಪನೆ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ಕಥೆ. ೨೦೧೬ರಲ್ಲಿ ನಾನು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಉತ್ಪಾದನೆಯ ಮುಖ್ಯಸ್ಥನಾಗಿದ್ದೆ. ನನ್ನ ಮೇಲಿದ್ದ ದೂರು, ಸಭೆಗಳಲ್ಲಿ ನಾನು ಸಿಡುಕುತ್ತೇನೆ ಎಂಬುದು. ದೂರು ಸುಳ್ಳಲ್ಲ. ಮಾರಾಟ ವಿಭಾಗದವರು ನಮ್ಮನ್ನು ಒಂದು ಮಾತೂ ಕೇಳದೆ ಗಿರಾಕಿಗಳಿಗೆ ತಾರೀಖು ಕೊಟ್ಟುಬಿಡುತ್ತಿದ್ದರು. ತಾರೀಖು ತಪ್ಪಿದಾಗ ಸಭೆಯಲ್ಲಿ ತಲೆ ಕೊಡಬೇಕಾದವನು ನಾನು. ಸಿಡುಕದೆ ಇರುವುದಕ್ಕೆ ನಾನೇನು ಬುದ್ಧನೆ? ಆದರೆ ನನ್ನ ಮೇಲಧಿಕಾರಿ ಒಂದು ದಿನವೂ ನನ್ನನ್ನು ಕರೆದು “ಇದು ಸರಿಯಲ್ಲ” ಎನ್ನಲಿಲ್ಲ. ಬದಲಿಗೆ, “ನಿಮ್ಮಂಥವರ ಮೇಲೆ ಕಂಪೆನಿ ಹಣ ಹೂಡಲು ಇಚ್ಛಿಸುತ್ತದೆ” ಎಂಬ ಸಿಹಿಮಾತಿನೊಡನೆ ಒಬ್ಬ ಕೋಚ್ ಬಂದರು.

ಒಳ್ಳೆಯ ಮನುಷ್ಯ, ಮೃದುಭಾಷಿ. ಮೊದಲ ಭೇಟಿಯಲ್ಲೇ “ಈ ಕೋಪ ನಿಮಗೆ ಎಲ್ಲಿಂದ ಬರುತ್ತದೆ?” ಎಂದು ಕೇಳಿದರು. “ಮಾರಾಟ ವಿಭಾಗದಿಂದ” ಎಂದೆ. ಅವರು ನಸುನಕ್ಕು, “ಇನ್ನೂ ಸ್ವಲ್ಪ ಒಳಕ್ಕೆ ಹೋಗೋಣ” ಎಂದರು. ಹೋದೆವು. ಎದುರಿಗೆ ಕುಳಿತು ಒಂದು ಗಂಟೆ ನಮ್ಮ ಮಾತನ್ನೇ ಕೇಳುವವರು ಐವತ್ತು ದಾಟಿದ ಗಂಡಸಿಗೆ ಎಲ್ಲಿ ಸಿಗುತ್ತಾರೆ? ನಾಲ್ಕನೆಯ ಭೇಟಿಯ ಹೊತ್ತಿಗೆ ನಾನು ಯಾರಿಗೂ ಹೇಳದಿದ್ದುದನ್ನು ಹೇಳಿಬಿಟ್ಟಿದ್ದೆ. ಆ ವರ್ಷ ನನ್ನ ಹೆಂಡತಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ರಾತ್ರಿ ನಿದ್ದೆಯಿಲ್ಲ, ಕೆಲವು ದಿನ ಕೆಲಸವನ್ನೇ ಬಿಟ್ಟುಬಿಡೋಣ ಎನ್ನಿಸುತ್ತಿತ್ತು. ಅವರು ಸಮಾಧಾನದಿಂದ ಕೇಳಿದರು. ಹೇಳಿಕೊಂಡದ್ದರಿಂದ ನನ್ನ ಎದೆ ಹಗುರವಾದದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಮೂರು ತಿಂಗಳ ಮೇಲೆ ಹೊಸ ಘಟಕಕ್ಕೆ ಮುಖ್ಯಸ್ಥರ ನೇಮಕವಾಯಿತು. ಎಲ್ಲರೂ ನನ್ನ ಹೆಸರನ್ನು ನಿರೀಕ್ಷಿಸಿದ್ದರು. ಬಂದದ್ದು ಬೇರೊಬ್ಬರ ಹೆಸರು. ಮೇಲಧಿಕಾರಿ ನನ್ನನ್ನು ಕರೆದು ಅತ್ಯಂತ ವಿಶ್ವಾಸದಿಂದ, “ಈಗ ನಿಮಗೆ ಅದು ಹೊರೆಯಾದೀತು ಎಂದು ತೋರಿತು” ಎಂದರು. ನಾನು ಕೋಚ್ ಅವರನ್ನು ಕೇಳಿದೆ. ಅವರು ಬಿಳಿಚಿಕೊಂಡರು. “ನೀವು ಹೇಳಿದ ಒಂದು ಮಾತನ್ನೂ ನಾನು ಹೇಳಿಲ್ಲ. ದೊಡ್ಡ ಹೊಣೆ ಹೊರಲು ನಿಮಗೆ ಇನ್ನು ಸ್ವಲ್ಪ ಕಾಲ ಬೇಕಾದೀತು ಎಂದಷ್ಟೇ ವಿಮರ್ಶೆಯಲ್ಲಿ ಹೇಳಿದೆ” ಎಂದರು.

ಅವರ ಮಾತನ್ನು ನಾನು ಅಂದೂ ನಂಬಿದೆ, ಇಂದೂ ನಂಬುತ್ತೇನೆ. ಅವರು ಗುಟ್ಟನ್ನು ಒಡೆಯಲಿಲ್ಲ. ಕಾಯಿ ಕಾಯಿಯಾಗಿಯೇ ಇತ್ತು. ಒಳಗಿನ ನೀರು ಮಾತ್ರ ಹೋಗಿತ್ತು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ದ್ರೋಹ ಮಾಡಲಿಲ್ಲ. ಆದರೂ ನನಗೆ ಅನ್ಯಾಯವಾಯಿತು. ಮನುಷ್ಯರು ಕೆಟ್ಟವರಾಗಿ ಅನ್ಯಾಯವಾದರೆ ಅವರನ್ನು ಬೈದು ಸುಮ್ಮನಾಗಬಹುದು. ಮನುಷ್ಯರು ಒಳ್ಳೆಯವರಾಗಿದ್ದೂ ಅನ್ಯಾಯವಾದರೆ ವ್ಯವಸ್ಥೆಯಲ್ಲಿಯೇ ಕೊಳೆತದ್ದು ಏನೋ ಇದೆ ಎಂದು ಅರ್ಥ.

ಆ ಕೊಳೆತ ಭಾಗ ಇದು: ಕೋಚ್ ಯಾರ ಕಡೆಯವನು? ಮಾತನಾಡುವವನ ಕಡೆಯವನೊ, ಹಣ ಕೊಡುವವನ ಕಡೆಯವನೊ? ವಕೀಲನನ್ನು ಕೇಳಿದರೆ ಕಕ್ಷಿಗಾರನ ಕಡೆ ಎನ್ನುತ್ತಾನೆ. ವೈದ್ಯನನ್ನು ಕೇಳಿದರೆ ರೋಗಿಯ ಕಡೆ ಎನ್ನುತ್ತಾನೆ. ಕೋಚ್ “ಇಬ್ಬರ ಕಡೆಯೂ” ಎನ್ನುತ್ತಾನೆ. ಇಬ್ಬರ ಹಿತವೂ ಒಂದೇ ಆಗಿರುವ ತನಕ ಈ ಉತ್ತರಕ್ಕೆ ಬಾಧಕವಿಲ್ಲ. ಆದರೆ ಅಧಿಕಾರಿಗೆ ಕೆಲಸ ಬಿಡುವ ಮನಸ್ಸಾದಾಗ, ಅವನಿಗೆ ಕಾಯಿಲೆಯಾದಾಗ, ಅವನಿಗೂ ಮೇಲಿನವನಿಗೂ ವೈಮನಸ್ಯ ಬಂದಾಗ ಹಿತ ಎರಡಾಗುತ್ತದೆ. ಮನುಷ್ಯನಿಗೆ ಆಪ್ತನೊಬ್ಬ ನಿಜವಾಗಿ ಬೇಕಾಗುವುದು ಆಗಲೇ. ಎರಡು ದೋಣಿಗಳಲ್ಲಿ ಕಾಲಿಟ್ಟವನು ಆಗ ಏನು ಮಾಡಿಯಾನು?

ಕೋಚ್‌ಗಳ ಅಂತರರಾಷ್ಟ್ರೀಯ ಸಂಘದ ನೀತಿಸಂಹಿತೆಯಲ್ಲಿ ಗ್ರಾಹಕ ಬೇರೆ, ಪ್ರಾಯೋಜಕ ಬೇರೆ. ಯಾವ ಸಂಗತಿ ಯಾರಿಗೆ ತಲುಪುತ್ತದೆ ಎಂಬುದನ್ನು ಮೊದಲೇ ಎಲ್ಲರಿಗೂ ಸ್ಪಷ್ಟಪಡಿಸಬೇಕು ಎಂದಿದೆ. ಒಳ್ಳೆಯ ನಿಯಮ. ಆದರೆ ಅದು ಸಂಘದ ಸದಸ್ಯರಿಗೆ ಸಂಘ ಹಾಕಿಕೊಂಡ ನಿಯಮ, ಕಾನೂನಲ್ಲ. ವಕೀಲನಿಗೆ ಹೇಳಿದ ಮಾತಿಗೆ ೧೮೭೨ರ ಸಾಕ್ಷ್ಯ ಕಾಯಿದೆ ರಕ್ಷಣೆ ಕೊಟ್ಟಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕೊಡುತ್ತದೆ. ಗಂಡಹೆಂಡಿರ ನಡುವಣ ಮಾತಿಗೂ ರಕ್ಷಣೆಯುಂಟು. ಕೋಚ್‌ಗೆ ಹೇಳಿದ ಮಾತಿಗೆ ಅಂಥ ಯಾವ ಬೇಲಿಯೂ ಇಲ್ಲ. ಕೋಚ್ ಆಗುವುದಕ್ಕೂ ನಮ್ಮ ದೇಶದಲ್ಲಿ ಸರಕಾರದ ಪರವಾನಗಿ ಬೇಕಿಲ್ಲ. ಔಷಧದ ಅಂಗಡಿ ಇಡಲು ಲೈಸೆನ್ಸ್ ಬೇಕು, ಆಟೋ ಓಡಿಸಲು ಲೈಸೆನ್ಸ್ ಬೇಕು. ಮನುಷ್ಯನ ಅಂತರಂಗದೊಳಗೆ ಗಾಡಿ ಹೊಡೆಯಲು ಬೇಕಿಲ್ಲ. ಸಂಘದ ಪ್ರಮಾಣಪತ್ರ ಬೇಕೆಂದವರಿಗೆ ಮೊದಲ ಮೆಟ್ಟಿಲಿಗೆ ೬೦ ಗಂಟೆಗಳ ಶಿಕ್ಷಣ, ೧೦೦ ಗಂಟೆಗಳ ಅಭ್ಯಾಸ ಸಾಕು. ಕಡೆಯ ಮೆಟ್ಟಿಲಿಗೆ ೨೦೦ ಗಂಟೆ ಮತ್ತು ೨೫೦೦ ಗಂಟೆ.

‘ನಾವು ಕೆಲಸದ ವಿಚಾರವಷ್ಟೇ ಮಾತನಾಡುತ್ತೇವೆ, ಅಂತರಂಗಕ್ಕೆ ಕೈಹಾಕುವುದಿಲ್ಲ’ ಎನ್ನುವವರಿದ್ದಾರೆ. ೨೦೦೯ರ ಜನವರಿಯಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆ ೧೪೦ ಮಂದಿ ಕೋಚ್‌ಗಳನ್ನು ವಿಚಾರಿಸಿ ಪ್ರಕಟಿಸಿದ ವರದಿಯನ್ನು ಅವರು ನೋಡಬೇಕು. ವೈಯಕ್ತಿಕ ಸಮಸ್ಯೆಗಾಗಿ ತಮ್ಮನ್ನು ನೇಮಿಸುತ್ತಾರೆ ಎಂದವರು ನೂರಕ್ಕೆ ೩ ಮಂದಿ. ವೈಯಕ್ತಿಕ ಸಮಸ್ಯೆಯಲ್ಲಿ ತಾವು ನೆರವಾಗಿದ್ದೇವೆ ಎಂದವರು ನೂರಕ್ಕೆ ೭೬ ಮಂದಿ! ಅವರ ಸಂಭಾವನೆಯ ನಡುಮಟ್ಟ ಗಂಟೆಗೆ ೫೦೦ ಡಾಲರು ಎಂಬುದೂ ಆ ವರದಿಯಲ್ಲಿದೆ. ಬಾಗಿಲಲ್ಲಿ ಬರೆದ ಬೋರ್ಡು ಒಂದು, ಒಳಗೆ ನಡೆಯುವ ವ್ಯಾಪಾರ ಇನ್ನೊಂದು. ಅದಕ್ಕೂ ಮೊದಲೇ, ೨೦೦೨ರಲ್ಲಿ, ಅದೇ ಪತ್ರಿಕೆಯಲ್ಲಿ ಸ್ಟೀವನ್ ಬರ್ಗ್ಲಾಸ್ ಎಂಬ ಮನಶ್ಶಾಸ್ತ್ರಜ್ಞರು, ಮನಸ್ಸಿನ ರೋಗವನ್ನು ಗುರುತಿಸುವ ತರಬೇತಿಯಿಲ್ಲದ ಕೋಚ್‌ಗಳು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿಯಾರು ಎಂದು ಎಚ್ಚರಿಸಿದ್ದರು.

ಈಗ ಆ ಸಾರಥಿಯ ಮಾತು. ಕರ್ಣನಿಗೆ ಸಾರಥಿಯನ್ನು ಗೊತ್ತುಮಾಡಿಕೊಟ್ಟವನು ಯಾರು? ಧಣಿಯಾದ ದುರ್ಯೋಧನ. ಆ ಕಾಲಕ್ಕೆ ಸಿಗಬಹುದಾಗಿದ್ದ ಅತ್ಯುತ್ತಮ ಸಾರಥಿಯನ್ನೇ, ಮದ್ರದೇಶದ ರಾಜನನ್ನೇ, ಕೈಮುಗಿದು ಒಪ್ಪಿಸಿ ತಂದ. ಶಲ್ಯನಾದರೋ, ತನ್ನ ಬಾಯಿಗೆ ಬಂದದ್ದನ್ನು ಆಡಲು ಸ್ವಾತಂತ್ರ್ಯ ಬೇಕೆಂದು ಕರಾರು ಹಾಕಿಯೇ ರಥವೇರಿದ. ಆದರೆ ಅವನು ಯುದ್ಧಕ್ಕೆ ಮೊದಲೇ ಯುಧಿಷ್ಠಿರನಿಗೆ ಇನ್ನೊಂದು ಮಾತು ಕೊಟ್ಟಿದ್ದ; ಅದು ಕರ್ಣನಿಗೆ ಗೊತ್ತಿರಲಿಲ್ಲ. ನಮ್ಮ ಕೋಚ್‌ಗಳು ಶಲ್ಯರೆಂದು ನಾನು ಹೇಳುತ್ತಿಲ್ಲ. ಅವರಿಗೆ ಅಂಥ ಕೇಡಿನ ಉದ್ದೇಶವಿಲ್ಲ. ಆದರೆ ರಥದಲ್ಲಿ ಕುಳಿತವನಿಗೆ ತಿಳಿಯದ ಮಾತೊಂದು ಸಾರಥಿಗೂ ಮತ್ತೊಬ್ಬರಿಗೂ ನಡುವೆ ಇದ್ದರೆ, ಸಾರಥಿ ಎಷ್ಟೇ ಸಮರ್ಥನಾಗಲಿ, ಆ ರಥ ಅಪಾಯದಲ್ಲಿದೆ.

ಯಜಮಾನರನ್ನೂ ನಾನು ಬಿಡಲಾರೆ. ನಿಜವಾಗಿ ನನ್ನ ಜಗಳ ಇರುವುದು ಅವರೊಡನೆ. ಕೈಕೆಳಗಿನವನನ್ನು ಎದುರಿಗೆ ಕೂರಿಸಿಕೊಂಡು, “ನೀನು ಹೀಗೆ ಮಾಡುವುದು ಸರಿಯಲ್ಲ, ತಿದ್ದಿಕೊ” ಎಂದು ಹೇಳುವುದು ಮೇಲಧಿಕಾರಿಯ ಕೆಲಸ. ಅದಕ್ಕೇ ಅವನಿಗೆ ಹೆಚ್ಚಿನ ಸಂಬಳ. ಕಷ್ಟದ ಕೆಲಸ, ಒಪ್ಪುತ್ತೇನೆ. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಧೈರ್ಯವನ್ನು ಗಂಟೆಗಿಷ್ಟು ಎಂದು ಹೊರಗಿನವರಿಂದ ಬಾಡಿಗೆಗೆ ತಂದರೆ ಆಗುವುದೇನು? ತಪ್ಪು ಮಾಡಿದವನಿಗೆ ತನ್ನ ತಪ್ಪು ಏನೆಂದು ಹೆಸರಿಲ್ಲದ ವರದಿಯಲ್ಲಿ ತಿಳಿಯುತ್ತದೆ. ಹೇಳಿದವನೊಡನೆ ವಾದಿಸುವ, ಕ್ಷಮೆ ಕೇಳುವ, ರಾಜಿಯಾಗುವ ಅವಕಾಶ ಮಾತ್ರ ತಪ್ಪುತ್ತದೆ. ಇನ್ನು ಕೆಲವು ಕಡೆ, ಮನುಷ್ಯನನ್ನು ಕಳಿಸಿಬಿಡಬೇಕೆಂದು ಮೊದಲೇ ನಿರ್ಧರಿಸಿ, “ಕೋಚನ್ನೂ ಕೊಟ್ಟು ನೋಡಿದೆವು” ಎಂದು ಕಡತದಲ್ಲಿ ಬರೆದುಕೊಳ್ಳುವುದಕ್ಕಾಗಿ ಈ ಏರ್ಪಾಡು ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಸನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಕೋಚಿಂಗಿನ ಮೂಲಸೂತ್ರವೇ, ಎದುರಾಳಿ ನಿನ್ನೊಳಗಿದ್ದಾನೆ ಎಂಬುದು. ಟೆನಿಸಿನಲ್ಲಿ ಅದು ಸರಿಯಿರಬಹುದು. ಅಲ್ಲಿ ಬಯಲಿನ ಅಳತೆ ಇಬ್ಬರಿಗೂ ಒಂದೇ, ಬಲೆಯ ಎತ್ತರ ಒಂದೇ. ಕಾರ್ಖಾನೆ ಹಾಗಲ್ಲ. ಅಲ್ಲಿ ಒಬ್ಬನ ಕಡೆಯ ಬಲೆಯನ್ನು ದಿನಾ ಒಂದಂಗುಲ ಎತ್ತರಿಸುವವರಿದ್ದಾರೆ. ನನ್ನ ಸಿಡುಕಿಗೆ ನನ್ನ ಬಾಲ್ಯದಲ್ಲಿ ಕಾರಣ ಹುಡುಕುತ್ತಿದ್ದಾಗ ಮಾರಾಟದವರು ತಾರೀಖು ಕೊಡುತ್ತಲೇ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎರಡು ವಿಭಾಗಗಳನ್ನೂ ಒಂದು ಮೇಜಿನ ಮುಂದೆ ಕೂರಿಸಿ, ತಾರೀಖು ಕೊಡುವ ಅಧಿಕಾರ ಯಾರದು ಎಂದು ಇತ್ಯರ್ಥ ಮಾಡಿದ್ದರೆ ನನ್ನ ಕೋಪದ ಮುಕ್ಕಾಲು ಪಾಲು ಅಂದೇ ಇಳಿಯುತ್ತಿತ್ತು. ಅದಕ್ಕೆ ಡಾಲರು ಬೇಕಿರಲಿಲ್ಲ. ಯಜಮಾನರ ಒಂದು ಮಧ್ಯಾಹ್ನ ಸಾಕಿತ್ತು.

ಎದುರು ಪಕ್ಷದವರು ಹೇಳುವುದನ್ನೂ ಕೇಳಬೇಕು. ಕೋಚಿಂಗಿನಿಂದ ಪ್ರಯೋಜನವಿಲ್ಲ ಎಂದು ನಾನು ವಾದಿಸುತ್ತಿಲ್ಲ. ೨೦೧೪ರಲ್ಲಿಯೂ ೨೦೧೬ರಲ್ಲಿಯೂ ವಿದ್ವಾಂಸರು ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಪ್ರಯೋಜನವುಂಟು ಎಂದೇ ಹೇಳಿದ್ದಾರೆ. ಆದರೆ ಆ ೨೦೧೬ರ ವಿಮರ್ಶೆಯಲ್ಲಿ ಗಮನಿಸತಕ್ಕ ಎರಡು ಸಂಗತಿಗಳಿವೆ. ಹೊರಗಿನಿಂದ ತಂದ ಕೋಚ್‌ಗಿಂತ ಸಂಸ್ಥೆಯ ಒಳಗಿನವನೇ ಕೋಚ್ ಆದಲ್ಲಿ ಫಲ ಹೆಚ್ಚಾಗಿ ಕಂಡಿತು; ಹತ್ತು ಜನರ ಅಭಿಪ್ರಾಯ ಕೂಡಿಸಿದ ವರದಿಯನ್ನು ಬಳಸಿದಲ್ಲಿ ಫಲ ಕಡಿಮೆಯಾಗಿ ಕಂಡಿತು. ಅಂದರೆ, ಕಂಪೆನಿಗಳು ಹೆಚ್ಚು ಹಣ ಕೊಟ್ಟು ಕೊಳ್ಳುವ ಎರಡು ಸರಕುಗಳೇ ಅಲ್ಲಿ ಹಿಂದೆ ಬಿದ್ದವು.

ಒಳ್ಳೆಯ ಉದಾಹರಣೆಗಳೂ ಇವೆ. ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ ತಾವಾಗಿಯೇ ನಿವೃತ್ತ ಹಿರಿಯ ಶಸ್ತ್ರವೈದ್ಯರೊಬ್ಬರನ್ನು ತಮ್ಮ ಆಪರೇಷನ್ ಕೋಣೆಗೆ ಕರೆದು, ತಾವು ಮಾಡುವುದನ್ನು ನೋಡಿ ತಪ್ಪು ಹೇಳಿರೆಂದು ಕೇಳಿಕೊಂಡರು. ಆ ಅನುಭವವನ್ನು ೨೦೧೧ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು. ಸ್ಟೀವ್ ಜಾಬ್ಸ್, ಗೂಗಲ್ಲಿನ ಎರಿಕ್ ಸ್ಮಿತ್ ಮೊದಲಾದವರಿಗೆ ಕೋಚ್ ಆಗಿದ್ದ ಬಿಲ್ ಕ್ಯಾಂಪ್ಬೆಲ್, ೨೦೧೬ರಲ್ಲಿ ತೀರಿಕೊಂಡವರು, ಮೊದಲು ಫುಟ್‌ಬಾಲಿನ ಕೋಚ್. ಆಮೇಲೆ ತಾವೇ ದೊಡ್ಡ ಕಂಪೆನಿಯೊಂದರ ನೊಗ ಹೊತ್ತವರು. ಗೂಗಲ್ಲಿನ ಅಧಿಕಾರಿಗಳ ಸಭೆಗಳಲ್ಲಿ ಕುಳಿತು ಕೆಲಸವನ್ನು ಕಣ್ಣಿಂದ ನೋಡುತ್ತಿದ್ದರು. ಇವರಿಬ್ಬರ ಉದಾಹರಣೆಯಲ್ಲಿಯೂ ಕೋಚ್ ಆದವನು ಕೆಲಸವನ್ನು ಬಲ್ಲವನು, ಕೆಲಸ ನಡೆಯುವ ಜಾಗದಲ್ಲಿ ನಿಂತು ನೋಡಿದವನು. ನನ್ನ ಕೋಚ್ ಆರು ತಿಂಗಳಲ್ಲಿ ಒಂದು ದಿನವೂ ಕಾರ್ಖಾನೆಯ ಒಳಗೆ ಕಾಲಿಡಲಿಲ್ಲ. ಕ್ರಿಕೆಟ್ಟಿನ ಕೋಚ್ ಹುಡುಗನ ಆಟವನ್ನೇ ನೋಡದೆ, ಹೋಟೆಲಿನ ಕೋಣೆಯಲ್ಲಿ ಕುಳಿತು “ಔಟಾದಾಗ ನಿಮಗೆ ಏನನ್ನಿಸಿತು?” ಎಂದು ಕೇಳಿದರೆ ನಾವು ಸುಮ್ಮನಿರುತ್ತೇವೆಯೆ?

ಆದಕಾರಣ ನನ್ನ ಅಕ್ಕನ ಮಗನಿಗೆ ನಾನು ಹೇಳುವುದು ಇಷ್ಟು. ಒಪ್ಪಿಕೊ, ಆದರೆ ಕೈಕಟ್ಟಿ ಒಪ್ಪಿಕೊಳ್ಳಬೇಡ. ಮೊದಲು ನಿನ್ನ ಮೇಲಧಿಕಾರಿಯ ಬಳಿ ಹೋಗಿ, “ನನ್ನ ಬಗ್ಗೆ ನಿಮ್ಮ ದೂರೇನು?” ಎಂದು ನೇರವಾಗಿ ಕೇಳು. ಅವರು ಹೇಳಲು ಹಿಂಜರಿದರೆ, ಕೋಚ್ ಬೇಕಾಗಿರುವುದು ನಿನಗಲ್ಲ, ಅವರಿಗೆ. ಕಂಪೆನಿಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳು; ವಿಮರ್ಶೆಯಲ್ಲಿ ಆಡುವ ಪ್ರತಿಯೊಂದು ಮಾತೂ, ‘ಸಿದ್ಧತೆ’, ‘ಸಾಮರ್ಥ್ಯ’ ಎಂಬಂಥ ನಿರಪಾಯ ಮಾತುಗಳೂ ಸೇರಿ, ಮೊದಲು ನಿನಗೆ ತೋರಿಸಿಯೇ ಹೋಗಬೇಕೆಂದು ಕರಾರು ಮಾಡಿಸು. ಬಡ್ತಿಯ ತೀರ್ಮಾನವಾಗುವ ವರ್ಷವಾದರೆ ತೀರ್ಮಾನ ಮುಗಿಯಲಿ, ಆಮೇಲೆ ಬರುತ್ತೇನೆ ಎನ್ನು. ಕೋಚ್ ಆದವರನ್ನು ನಿನ್ನ ಸಭೆಗೆ ಕರೆದು ಕೂರಿಸು. ನೀನು ಕೆಲಸ ಮಾಡುವುದನ್ನು ನೋಡಲಿ. ಮನೆಯ ಸಂಕಟ, ಮೈಯ ಕಾಯಿಲೆ, ಕೆಲಸ ಬಿಡುವ ಯೋಚನೆ, ಇವನ್ನು ಹೇಳಿಕೊಳ್ಳಬೇಕೆನಿಸಿದರೆ ನಿನ್ನದೇ ದುಡ್ಡು ಕೊಟ್ಟು ಯೋಗ್ಯ ಮನೋವೈದ್ಯರ ಬಳಿ ಹೋಗು, ಇಲ್ಲವೆ ನನ್ನ ಬಳಿ ಬಾ. ನನಗೆ ಪ್ರಮಾಣಪತ್ರವಿಲ್ಲ, ಆದರೆ ನಾನು ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ.

ಯಜಮಾನರಾದವರಿಗೂ ಒಂದು ಮಾತು. ನಿಮ್ಮ ಹಿರಿಯ ನೌಕರರಿಗೆ ಆಪ್ತ ಸಲಹೆಗಾರ ಬೇಕೆಂದು ಪ್ರಾಮಾಣಿಕವಾಗಿ ತೋರಿದರೆ ಹಣವನ್ನು ಕೊಟ್ಟುಬಿಡಿ. ಯಾರ ಬಳಿ ಹೋದ, ಏನು ಮಾತನಾಡಿದ ಎಂದು ಕೇಳಬೇಡಿ. ಕೇಳದೆ ಇರಲಾಗದು ಎನ್ನುವುದಾದರೆ, ನೀವು ಕೊಳ್ಳುತ್ತಿರುವುದು ಸಲಹೆಯಲ್ಲ, ಸಮಾಚಾರ. ಅದಕ್ಕೆ ಅದರದೇ ಹೆಸರಿಡಿ.

ನನ್ನ ಹೆಂಡತಿ ಈಗ ಆರೋಗ್ಯವಾಗಿದ್ದಾಳೆ. ಹೊಸ ಘಟಕದ ಮುಖ್ಯಸ್ಥನಾಗದೆ ಹೋದದ್ದರ ದುಃಖವೂ ಎಂದೋ ಕರಗಿತು. ಕರಗದೆ ಉಳಿದದ್ದು ಒಂದೇ. ನಾಲ್ಕನೆಯ ಭೇಟಿಯ ದಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾನು ಆಡಿದ ಮಾತುಗಳನ್ನು ಆಡುವಾಗ, ಎದುರಿಗಿರುವವರು ನನ್ನವರು ಎಂದು ಭಾವಿಸಿದ್ದೆ. ಹಾಗೆ ಭಾವಿಸುವಂತೆ ಅವರು ನನ್ನನ್ನು ನಡೆಸಿಕೊಂಡಿದ್ದರು. ಹಾಗೆ ಭಾವಿಸಬೇಡ ಎಂದು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.